ವೀಲ್ ಬಿಡಬಾರದು: ಫ್ಲಾಂಡರ್ಸ್‌ನ ಊರೂರ ಶರ್ಯತ್ತುಗಳಲ್ಲಿ ನಾನು ಕಲಿತದ್ದು

ಸೈಕಲ್ ರೇಸಿಗೆಂದು ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯವರೆಗೆ ಯಾಕೆ ಹೋಗಬೇಕು, ನಮ್ಮಲ್ಲಿ ರಸ್ತೆ ಇಲ್ಲವೇ, ಬೆಟ್ಟ ಇಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ರಸ್ತೆಯೂ ಇದೆ, ಬೆಟ್ಟವೂ ಇದೆ. ಕಾಲಿಗೆ ಕಸುವು ಬರಬೇಕಾದರೆ ನಂದಿ ಬೆಟ್ಟದ ಏರು ಸಾಕು. ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಟೈಮ್ ಟ್ರಯಲ್ ಅಭ್ಯಾಸಕ್ಕೆ ಹೊಸಕೋಟೆ ದಾಟಿದ ಮೇಲಿನ ಹಳೇ ಮದ್ರಾಸ್ ರಸ್ತೆ ಸಾಕು. ನಮ್ಮಲ್ಲಿ ಸಿಗದಿರುವುದು ಬಂಚ್, ಅಂದರೆ ಸವಾರರ ದೊಡ್ಡ ಗುಂಪು. ನೂರು, ನೂರಿಪ್ಪತ್ತು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಹೊಲಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ಎಲ್ಲಿರಬೇಕು, ಯಾರ ಹಿಂದೆ ಕೂರಬೇಕು, ತಿರುವಿಗೆ ಮೊದಲು ಏನು ನೋಡಬೇಕು ಎನ್ನುವುದನ್ನು ಒಬ್ಬನೇ ಕಲಿಯಲಾಗದು. ಹತ್ತು ಜನ ಗೆಳೆಯರ ಜೊತೆಯೂ ಕಲಿಯಲಾಗದು. ಅದಕ್ಕಾಗಿಯೇ ನಾನು ಹೋದೆ, ಆಮೇಲೆ ಮತ್ತೆ ಮತ್ತೆ ಹೋದೆ.

ನಮ್ಮೂರು ಜಮಖಂಡಿಯ ಕಡೆ. ಆ ಭಾಗದಲ್ಲಿ ಜಾತ್ರೆ ಅಂದಮೇಲೆ ಕುಸ್ತಿ ಇರಬೇಕು, ಬಂಡಿ ಶರ್ಯತ್ತು ಇರಬೇಕು, ಸೈಕಲ್ ಶರ್ಯತ್ತೂ ಇರಬೇಕು. ಗೇರಿಲ್ಲದ ಸೈಕಲ್ಲು, ಊರಿಂದ ಊರಿಗೆ ನೆಟ್ಟಗಿನ ರಸ್ತೆ, ಹೋಗಿ ತಿರುಗಿ ಬರುವುದು. ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್‌ಗಳಿಂದ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಿಂದ ಅಷ್ಟೊಂದು ಸೈಕ್ಲಿಸ್ಟುಗಳು ಹೊರಬಂದದ್ದರ ಹಿಂದೆ ಈ ಶರ್ಯತ್ತಿನ ಹುಚ್ಚೂ ಇದೆ ಎಂದು ನಾನು ನಂಬಿದ್ದೇನೆ. ನಾನು ಹಾಸ್ಟೆಲ್ಲಿನ ಹುಡುಗನಲ್ಲ. ಓದಿಗೆ, ಆಮೇಲೆ ಕೆಲಸಕ್ಕೆ ಬೆಂಗಳೂರಿಗೆ ಬಂದೆ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನ ಭಾನುವಾರದ ರೇಸುಗಳಲ್ಲಿ ಗೇರ್ ಸೈಕಲ್ ರೂಢಿಯಾಯಿತು. ಟೈಮ್ ಟ್ರಯಲ್‌ನಲ್ಲಿ ನನ್ನ ಸಮಯ ಚೆನ್ನಾಗಿತ್ತು. ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ ಎಂದರೆ ಮಾತ್ರ, ಕೊನೆಯ ಕಿಲೋಮೀಟರಿನಲ್ಲಿ ಕಾಲಲ್ಲಿ ಶಕ್ತಿ ಉಳಿದಿದ್ದರೂ ನಾನಿರುತ್ತಿದ್ದ ಜಾಗ ನಲವತ್ತನೆಯದೋ ಐವತ್ತನೆಯದೋ. ಅಲ್ಲಿಂದ ಯಾರೂ ಗೆಲ್ಲುವುದಿಲ್ಲ.

ಅದೇ ಹೊತ್ತಿಗೆ ಬೆಂಗಳೂರಿನ ನವೀನ್ ಜಾನ್ ಬೆಲ್ಜಿಯಂನ ಊರ ರೇಸುಗಳಲ್ಲಿ ಓಡಿಸಿ ಬಂದಿದ್ದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನ ಟೈಮ್ ಟ್ರಯಲ್‌ನಲ್ಲಿ ಅವರು ಭಾರತದ ಜೆರ್ಸಿ ತೊಟ್ಟು ನಿಂತದ್ದನ್ನು ನೋಡಿದಾಗ, ಸಾಮಾನ್ಯ ರೇಸ್ ಪರವಾನಗಿ ಇರುವವನೂ ಹೋಗಬಹುದಾದ ದಾರಿಯೊಂದಿದೆ ಎನ್ನುವುದು ನಮ್ಮಂಥವರಿಗೆ ಖಾತ್ರಿಯಾಯಿತು.

ಹೋಗುವವರು ಮೊದಲು ಕಾಗದದ ಕೆಲಸ ಮುಗಿಸಬೇಕು. ಸೈಕ್ಲಿಂಗ್ ಫೆಡರೇಶನ್ ಆಫ್ ಇಂಡಿಯಾದಿಂದ ಆ ವರ್ಷದ ಯುಸಿಐ (ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ) ಪರವಾನಗಿ ಬೇಕು. ಪರದೇಶದಲ್ಲಿ ರೇಸ್ ಮಾಡಲು ಅದೇ ಫೆಡರೇಶನ್ನಿನ ಅನುಮತಿ ಪತ್ರ ಬೇಕು. ಅಪಘಾತದ ಖರ್ಚನ್ನೂ ಕೊಡುವ ವಿಮೆ ಬೇಕು; ಪ್ರವಾಸಿಗರ ಮಾಮೂಲಿ ವಿಮೆಯಲ್ಲಿ ಸ್ಪರ್ಧೆಯಲ್ಲಾದ ಪೆಟ್ಟಿಗೆ ಹಣ ಬರುವುದಿಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿರುವುದುಂಟು, ಅದನ್ನು ಓದಿಯೇ ಹಣ ಕಟ್ಟಬೇಕು. ಮತ್ತೆ ಶೆಂಗೆನ್ ವೀಸಾ. 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಆಸ್ಟ್ರೇಲಿಯಾದವನೇ ಆಗಲಿ, ದಕ್ಷಿಣ ಆಫ್ರಿಕಾದವನೇ ಆಗಲಿ, ಈ ಲೆಕ್ಕ ಎಲ್ಲ ಹೊರಗಿನವರಿಗೂ ಒಂದೇ. ಹಾಗಾಗಿ ಯಾವ 90 ದಿನ ಎನ್ನುವುದೇ ದೊಡ್ಡ ತೀರ್ಮಾನ. ಸಾಮಾನ್ಯವಾಗಿ ಏಪ್ರಿಲ್ ಮೊದಲ ಭಾನುವಾರ ನಡೆಯುವ, ವೃತ್ತಿಪರರ ದೊಡ್ಡ ರೇಸಾದ ಟೂರ್ ಆಫ್ ಫ್ಲಾಂಡರ್ಸ್ ನೋಡುವ ಆಸೆಯಿಂದ ಮಾರ್ಚಿಯಲ್ಲೇ ಹೋಗುವವರಿದ್ದಾರೆ. ಆಗ ಅಲ್ಲಿ ಐದಾರು ಡಿಗ್ರಿ ಚಳಿ, ಮಳೆ. ನಮ್ಮ ಕಡೆಯಿಂದ ಹೋದವನಿಗೆ ಮೊದಲ ಮೂರು ವಾರ ನೆಗಡಿಯಲ್ಲೇ ಕಳೆಯುತ್ತದೆ. ನನ್ನ ಸಲಹೆ ಮೇ ಕೊನೆಯಿಂದ ಆಗಸ್ಟ್ ನಡುವಿನವರೆಗೆ. ಜುಲೈ, ಆಗಸ್ಟ್‌ನಲ್ಲಿ ಒಂದೇ ವಾರದಲ್ಲಿ ನಾಲ್ಕೈದು ರೇಸು ಸಿಗುತ್ತವೆ, ಅದರಲ್ಲಿ ಕೆಲವಕ್ಕೆ ಮನೆಯಿಂದ ಸೈಕಲ್ ತುಳಿದುಕೊಂಡೇ ಹೋಗಬಹುದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಸಂಜೆ ಆರೂವರೆಗೆ ಶುರುವಾಗುವ ರೇಸೂ ಇರುತ್ತವೆ.

ಸೈಕಲ್ಲನ್ನು ವಿಮಾನಕ್ಕೆ ಬಿಚ್ಚಿ ಕಟ್ಟುವ ಬಗ್ಗೆ ಎರಡು ಮಾತು. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ, ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ ಬಿಚ್ಚಬೇಕು. ಗೇರ್ ಬದಲಿಸುವ ಹಿಂದಿನ ಡಿರೇಲರನ್ನು ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮಿನ ಒಳಮಗ್ಗುಲಿಗೆ ಕಟ್ಟಬೇಕು. ಚಕ್ರ ತೆಗೆದ ಕೂಡಲೇ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಇಡಬೇಕು. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಹ್ಯಾಂಗರ್, ಫ್ರೇಮಿನಿಂದ ಫ್ರೇಮಿಗೆ ಬೇರೆ. ಬೇರೆಯವರದು ನಮ್ಮದಕ್ಕೆ ಕೂರುವುದಿಲ್ಲ, ಹೆಚ್ಚಿನದು ಎರಡಾದರೂ ಜೇಬಿನಲ್ಲಿರಲಿ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಂಗೆ ನೇರ ವಿಮಾನವಿದೆ. ಅಲ್ಲಿಂದ ರೈಲಿನಲ್ಲಿ ಆಂಟ್‌ವರ್ಪ್, ಗೆಂಟ್ ದಾಟಿ ಔಡೆನಾರ್ಡ್ ತಲುಪಿದೆ.

ಔಡೆನಾರ್ಡ್ ಸ್ಕೆಲ್ಡ್ ನದಿಯ ದಂಡೆಯ ಸಣ್ಣ ಪಟ್ಟಣ. 1913ರಲ್ಲಿ ಶುರುವಾದ ಟೂರ್ ಆಫ್ ಫ್ಲಾಂಡರ್ಸ್ 2012ರಿಂದ ಮುಗಿಯುತ್ತಿರುವುದು ಇಲ್ಲೇ, ಆ ರೇಸಿನದೇ ಒಂದು ಮ್ಯೂಸಿಯಂ ಊರಿನ ನಡುವೆಯಿದೆ. ಕೊಪ್ಪೆನ್‌ಬರ್ಗ್, ಪಾಟರ್‌ಬರ್ಗ್, ಔಡ ಕ್ವಾರೆಮಾಂಟ್ ಎನ್ನುವ ಕಲ್ಲುಹಾಸಿನ ದಿಬ್ಬಗಳು ಹತ್ತಿರದಲ್ಲೇ. ಕೊಪ್ಪೆನ್‌ಬರ್ಗ್ ಉದ್ದ ಬರೀ 600 ಮೀಟರ್, ಕಡಿದಾದಲ್ಲಿ 22 ಪ್ರತಿಶತ ಏರು; ಕಲ್ಲು ಒದ್ದೆಯಾಗಿದ್ದರೆ ಸೀಟಿನಿಂದ ಎದ್ದು ತುಳಿದಾಗ ಹಿಂದಿನ ಚಕ್ರ ಸುಮ್ಮನೆ ಜಾರಿ ತಿರುಗುತ್ತದೆ. ನೋಡಬೇಕು, ಹತ್ತಬೇಕು. ಆದರೆ ನಾನು ಕಲಿಯಬೇಕಾದದ್ದು ಅಲ್ಲಿರಲಿಲ್ಲ. ಊರೂರ ರೇಸುಗಳು ಹೆಚ್ಚಾಗಿ ಡಾಂಬರು, ಕಾಂಕ್ರೀಟಿನ ಹೊಲದ ರಸ್ತೆಗಳಲ್ಲೇ ನಡೆಯುತ್ತವೆ.

ನಾವು ನಾಲ್ಕು ಜನ ಬೇರೆ ಬೇರೆ ದೇಶದವರು ಒಂದು ಮನೆಯನ್ನು ಬಾಡಿಗೆಗೆ ಹಂಚಿಕೊಂಡಿದ್ದೆವು. ಮನೆಯ ಯಜಮಾನ ವಯಸ್ಸಾದವರು, ನಾನು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆ. ಅದರರ್ಥ ತಿಳಿದ ಮೇಲೆ ಅವರಿಗೂ ಖುಷಿಯಾಯಿತು. ಹುಡುಗನಾಗಿದ್ದಾಗಿನಿಂದ ಊರ ರೇಸು ನೋಡುತ್ತ ಬಂದವರು. ಇಂಗ್ಲಿಷ್ ಅಷ್ಟಕ್ಕಷ್ಟೆ. ರೇಸ್ ಮುಗಿಸಿ ಬಂದ ಸಂಜೆ ಅವರು ಕೇಳುತ್ತಿದ್ದದ್ದು ಎಷ್ಟನೆಯವನಾಗಿ ಬಂದೆ ಎಂದಲ್ಲ, ಮೂರನೇ ಸುತ್ತಿನಲ್ಲಿ ಎಷ್ಟನೆಯವನಾಗಿದ್ದೆ ಎಂದು. ಆ ಪ್ರಶ್ನೆಯ ತೂಕ ನನಗೆ ತಿಳಿಯಲು ಕೆಲವು ವಾರ ಬೇಕಾಯಿತು.

ಆ ಊರ ರೇಸನ್ನು ಅವರು ಕೆರ್ಮಿಸ್ ಕೂರ್ಸ್ ಎನ್ನುತ್ತಾರೆ, ಇಂಗ್ಲಿಷಿನವರು ಕೆರ್ಮೆಸ್ ಎನ್ನುತ್ತಾರೆ. ಊರ ಹಬ್ಬದ ದಿನ, ತೊಟ್ಟಿಲು, ತಿಂಡಿ ಅಂಗಡಿ, ಬ್ಯಾಂಡಿನ ಜೊತೆಗೆ ಸೈಕಲ್ ರೇಸು. ನಮ್ಮ ಜಾತ್ರೆಯ ಶರ್ಯತ್ತೇ ಅದು. ಜಮಖಂಡಿಯ ಕಡೆಯವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರ ಕೆಫೆಗೆ ಹೋದರೆ ಮೇಜಿನ ಹಿಂದೆ ಮೂರ್ನಾಲ್ಕು ಹಿರಿಯರು ಕೂತಿರುತ್ತಾರೆ. ಪರವಾನಗಿ ಕೊಡಬೇಕು, ಸಣ್ಣ ಶುಲ್ಕ, ಜೊತೆಗೆ ನಂಬರಿಗೆ ಠೇವಣಿ. ರೇಸು ಮುಗಿದ ಮೇಲೆ ನಂಬರ್ ವಾಪಸು ಕೊಟ್ಟರೆ ಠೇವಣಿ ತಿರುಗಿ ಬರುತ್ತದೆ. ಬಟ್ಟೆ ಬದಲಿಸಲು ಶಾಲೆಯ ಕೋಣೆಯೋ ಯಾರದೋ ಗ್ಯಾರೇಜೋ. ಸುತ್ತು ಆರರಿಂದ ಹತ್ತು ಕಿ.ಮೀ., ಒಟ್ಟು 110, 120 ಕಿ.ಮೀ., ಹೊರಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ. ವೃತ್ತಿಪರ ತಂಡದ ಕರಾರಿಲ್ಲದ ಎಲೀಟ್ ಸವಾರರು ಮತ್ತು 23ರೊಳಗಿನ ಹುಡುಗರು ಒಟ್ಟಿಗೇ ನಿಲ್ಲುತ್ತಾರೆ. ಆ ಹುಡುಗರಲ್ಲಿ ಯಾರು ನಾಳೆ ಟೂರ್ ಡಿ ಫ್ರಾನ್ಸ್ ಓಡಿಸುತ್ತಾನೋ ಗೊತ್ತಿಲ್ಲ. ಎಲ್ಲರೂ ಹಾಗೆಂದುಕೊಂಡೇ ತುಳಿಯುತ್ತಾರೆ.

ಬಂಚಿನ ಮುಂದೆ ಕೆಂಪು ಬಾವುಟದ ಕಾರು, ಕೊನೆಗೆ ಹಸಿರು ಬಾವುಟದ ಕಾರು. ಅವೆರಡರ ನಡುವೆ ರಸ್ತೆ ನಮ್ಮದು. ಪ್ರತಿ ಕೂಡುದಾರಿಯಲ್ಲೂ ಊರಿನವರೇ ನಿಂತು ವಾಹನ ತಡೆಯುತ್ತಾರೆ. ಹಸಿರು ಬಾವುಟದ ಕಾರು ನಿಮ್ಮನ್ನು ದಾಟಿತೆಂದರೆ ನಿಮ್ಮ ರೇಸು ಮುಗಿಯಿತು. ಹೊರಟವರಲ್ಲಿ ಅರ್ಧದಷ್ಟು ಜನವೂ ಮುಗಿಸದ ದಿನಗಳಿವೆ. ಶುರುವಿನ ವಾರಗಳಲ್ಲಿ ನಾನೂ ಮುಗಿಸದವರಲ್ಲೇ ಇರುತ್ತಿದ್ದೆ, ಬಂದ ಹೊಸಬರೆಲ್ಲ ಇರುತ್ತಾರೆ. ವಿಚಿತ್ರವೆಂದರೆ ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ನೋಡಿದರೆ ಸರಾಸರಿ ವಾಟ್ಸ್ ನಂದಿ ಬೆಟ್ಟ ಹತ್ತುವಾಗಿನದಕ್ಕಿಂತ ಎಷ್ಟೋ ಕಡಿಮೆ. ಆದರೂ ಕಾಲು ಖಾಲಿಯಾಗಿರುತ್ತಿತ್ತು.

ಕಾರಣ ತಿರುವುಗಳಲ್ಲಿತ್ತು. ಬಂಚಿನ ಮುಂದಿನವನು 45ರಲ್ಲಿ ಬಂದು ತಿರುವಿನಲ್ಲಿ 35ಕ್ಕೆ ಇಳಿಸಿ ಮತ್ತೆ 45ಕ್ಕೆ ಏರುತ್ತಾನೆ. ಅವನ ಹಿಂದಿನವನು ಸ್ವಲ್ಪ ಹೆಚ್ಚು ಬ್ರೇಕ್ ಹಿಡಿಯುತ್ತಾನೆ, ಅವನ ಹಿಂದಿನವನು ಇನ್ನೂ ಸ್ವಲ್ಪ. ಎಂಬತ್ತನೆಯವನ ಹತ್ತಿರ ಬರುವಷ್ಟರಲ್ಲಿ ವೇಗ 15ಕ್ಕೆ ಇಳಿದಿರುತ್ತದೆ, ಮುಂದಿನವರು ಆಗಲೇ ನೆಟ್ಟಗಿನ ರಸ್ತೆಯಲ್ಲಿ ಹಾರುತ್ತಿರುತ್ತಾರೆ. ಅವರನ್ನು ಹಿಡಿಯಲು ಎಂಬತ್ತನೆಯವನು 55ರವರೆಗೆ ಸ್ಪ್ರಿಂಟ್ ಮಾಡಬೇಕು. ಸುತ್ತಿಗೆ ಹತ್ತು ತಿರುವು, ಹದಿನೈದು ಸುತ್ತು ಎಂದರೆ ನೂರೈವತ್ತು ಸ್ಪ್ರಿಂಟು. ಅದೇ ರೇಸಿನಲ್ಲಿ ಹತ್ತನೆಯವನಾಗಿದ್ದವನು ಒಂದು ಸ್ಪ್ರಿಂಟನ್ನೂ ಮಾಡದೆ ಕೊನೆಯ ಸುತ್ತಿಗೆ ಬಂದಿರುತ್ತಾನೆ. ಅಜ್ಜ ಮೂರನೇ ಸುತ್ತಿನ ಲೆಕ್ಕ ಕೇಳುತ್ತಿದ್ದದ್ದು ಇದಕ್ಕೇ. ‘ಹದಿನೈದರ ಹಿಂದೆ ಇದ್ದರೆ ಅದು ರೇಸ್ ಅಲ್ಲ, ಬರೀ ಕಷ್ಟ’ ಎಂಬರ್ಥದಲ್ಲಿ ಅವರು ಅರೆಬರೆ ಇಂಗ್ಲಿಷಿನಲ್ಲಿ ಹೇಳಿದರು.

ಹದಿನೈದರೊಳಗೆ ಇರಬೇಕೆಂದು ಬಾಕಿ ನೂರು ಜನಕ್ಕೂ ಗೊತ್ತು. ಹಾಗಾಗಿ ಸುಮ್ಮನೆ ಕೂತವನು ಪ್ರತಿ ನಿಮಿಷ ಹಿಂದಕ್ಕೆ ಸರಿಯುತ್ತಲೇ ಇರುತ್ತಾನೆ. ನಾನು ರೂಢಿಸಿಕೊಂಡದ್ದು ಹೀಗೆ: ರೇಸಿಗೆ ಮೊದಲು ಸುತ್ತನ್ನು ಎರಡು ಸಲ ತುಳಿದು, ರಸ್ತೆ ಎಲ್ಲಿ ಅಗಲವಾಗುತ್ತದೆ, ಎಲ್ಲಿ ಕಿರಿದಾಗುತ್ತದೆ ಎಂದು ಗುರುತು ಮಾಡಿಕೊಳ್ಳುವುದು. ಕಿರಿದಾಗುವ ಜಾಗಕ್ಕೆ ಇನ್ನೂರು ಮೀಟರ್ ಇರುವಾಗಲೇ ಬಂಚಿನ ಮುಂದಕ್ಕೆ ಸರಿಯುವುದು. ಎಲ್ಲರೂ ಉಸಿರು ಬಿಟ್ಟು ಬಾಟಲಿಗೆ ಕೈ ಹಾಕಿದ ಗಳಿಗೆಯಲ್ಲಿ ನಾನು ಹಾಕದೆ ನಾಲ್ಕು ಜನರನ್ನು ದಾಟುವುದು. ಯಾರೋ ಮುಂದಕ್ಕೆ ಹೋಗುತ್ತಿದ್ದರೆ ಅವನ ವೀಲ್ ಹಿಡಿದು, ಅಂದರೆ ಹಿಂದಿನ ಚಕ್ರಕ್ಕೆ ಅಂಟಿಕೊಂಡು, ಅವನ ಗಾಳಿಮರೆಯಲ್ಲೇ ಹೋಗುವುದು. ವೀಲ್ ಹಿಡಿದು ಕೂತರೆ ಸುಮಾರು ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಬಂಚ್ ದಟ್ಟವಾಗಿದ್ದರೆ ಇನ್ನೂ ಹೆಚ್ಚು. ಆದರೆ ಮುಂದಿನವನ ಚಕ್ರಕ್ಕೂ ನಮ್ಮ ಚಕ್ರಕ್ಕೂ ಒಂದು ಗೇಣಿನಷ್ಟೇ ಅಂತರವಿರಬೇಕು, ಕಣ್ಣು ಮಾತ್ರ ಆ ಚಕ್ರದ ಮೇಲಿರದೆ ಮೂರ್ನಾಲ್ಕು ಜನರಾಚೆ ಇರಬೇಕು. ಬೆಂಗಳೂರಿನಲ್ಲಿ ಎರಡು ಮೀಟರ್ ಬಿಟ್ಟುಕೊಂಡು ಓಡಿಸಿದ ಮೈಗೆ ಇದು ಹಿಡಿಸಲು ಹೊತ್ತು ಬೇಕು. ಭುಜ ತಾಗಿದಾಗ ಬಿಗಿಯಾಗದೆ ಮೊಣಕೈ ಸಡಿಲ ಬಿಟ್ಟರೆ ಏನೂ ಆಗುವುದಿಲ್ಲ, ಬಿಗಿ ಹಿಡಿದರೆ ಇಬ್ಬರೂ ಬೀಳುತ್ತಾರೆ.

ಇನ್ನೊಂದು ಪಾಠ ಗಾಳಿಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಪಶ್ಚಿಮ ಫ್ಲಾಂಡರ್ಸ್‌ನಲ್ಲಿ ಸಮುದ್ರದ ಕಡೆಯಿಂದ ಬರುವ ಗಾಳಿಗೆ ತಡೆಯೇ ಇಲ್ಲ. ಗಾಳಿ ಎಡದಿಂದ ಬೀಸುತ್ತಿದೆ ಎಂದುಕೊಳ್ಳಿ. ಆಗ ಮರೆ ಸಿಗುವುದು ಮುಂದಿನವನ ನೇರ ಹಿಂದೆ ಅಲ್ಲ, ಅವನ ಹಿಂದೆ ಬಲಕ್ಕೆ. ಹಾಗೆ ಒಬ್ಬರ ಬಲಕ್ಕೊಬ್ಬರು ಸರಿಯುತ್ತ ರಸ್ತೆಗೆ ಅಡ್ಡಲಾಗಿ ಓರೆಸಾಲು ನಿಲ್ಲುತ್ತದೆ. ಫ್ಲೆಮಿಷರು ಅದನ್ನು ವಾಯರ್ ಎನ್ನುತ್ತಾರೆ, ನಾವು ಎಶಲಾನ್ ಎನ್ನುತ್ತೇವೆ. ರಸ್ತೆಯ ಅಗಲ ಹತ್ತು ಹನ್ನೆರಡು ಜನಕ್ಕೆ ಮುಗಿದುಹೋಗುತ್ತದೆ. ಹದಿಮೂರನೆಯವನು ರಸ್ತೆಯ ಬಲ ಅಂಚಿನಲ್ಲಿ, ಹುಲ್ಲಿಗೂ ಕಾಂಕ್ರೀಟಿಗೂ ನಡುವೆ, ಅವನಿಗೆ ಮರೆಯಿಲ್ಲ. ಅವನ ಹಿಂದಿನ ನೂರು ಜನವೂ ಅದೇ ಅಂಚಿನಲ್ಲಿ ಒಂದೇ ಸಾಲು, ಎಲ್ಲರಿಗೂ ಪೂರ್ತಿ ಗಾಳಿ. ಆ ಸಾಲಿನಲ್ಲಿ ಯಾರೋ ಒಬ್ಬ ಒಂದು ಮೀಟರ್ ವೀಲ್ ಬಿಟ್ಟರೆ ಅವನ ಹಿಂದಿದ್ದವರೆಲ್ಲರ ರೇಸು ಅಲ್ಲಿಗೆ ಮುಗಿಯಿತು.

ಸಾಲಿನೊಳಗಿದ್ದರೆ ಕೆಲಸ ಸುಲಭ, ಆದರೆ ನಿಯಮ ಕಟ್ಟುನಿಟ್ಟು. ಮರೆಯ ಕಡೆಯ ಸಾಲು ಮುಂದಕ್ಕೆ ಹೋಗುತ್ತದೆ, ಗಾಳಿಯ ಕಡೆಯ ಸಾಲು ಹಿಂದಕ್ಕೆ ಬರುತ್ತದೆ. ಮುಂದೆ ತಲುಪಿದವನು ಗಾಳಿ ಬರುವ ಕಡೆಗೇ ಸರಿಯಬೇಕು, ಹಾಗೆ ಸರಿದವನೇ ಉಳಿದವರಿಗೆ ಮರೆ. ಮುಂದೆ ಬಂದಾಗ ಉತ್ಸಾಹದಲ್ಲಿ ವೇಗ ಏರಿಸಬಾರದು. ಏರಿಸಿದರೆ ಸಾಲು ಹರಿಯುತ್ತದೆ, ಬೈಗುಳ ಬರುತ್ತದೆ. ಕೊನೆಯಲ್ಲೊಬ್ಬ ಬಾಗಿಲು ಕಾಯುತ್ತಿರುತ್ತಾನೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಒಳಗೆ ಜಾಗ ಸಿಗಲಿಲ್ಲವೆಂದರೆ ಅಂಚಿನಲ್ಲಿ ಹಲ್ಲು ಕಚ್ಚಿ ನೇತಾಡುವುದು ದಂಡ. ಕೂಡಲೇ ಕೂಗಿ ಹತ್ತು ಜನರನ್ನು ಎಳೆದುಕೊಂಡು ಎರಡನೇ ಓರೆಸಾಲು ಕಟ್ಟಬೇಕು. ಎರಡನೇ ಸಾಲು ಚೆನ್ನಾಗಿ ತಿರುಗಿದರೆ ಮೊದಲನೆಯದನ್ನು ಮುಂದಿನ ಊರಿನ ಮನೆಗಳ ಮರೆಯಲ್ಲಿ ಹಿಡಿಯಲು ಸಾಧ್ಯ, ನಾನು ಹಿಡಿದಿದ್ದೇನೆ.

ಇದೆಲ್ಲದಕ್ಕೂ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಮೊದಲೇ ತಿಳಿದಿರಬೇಕು. ಮೆಕ್ಕೆಜೋಳದ ಗರಿ ಯಾವ ಕಡೆ ಬಾಗಿದೆ, ಮನೆಗಳ ಮೇಲಿನ ಬಾವುಟ ಯಾವ ಕಡೆ, ಗಾಳಿಯಂತ್ರದ ಮುಖ ಯಾವ ಕಡೆ. ಗಾಳಿಯಂತ್ರ ಸುಳ್ಳು ಹೇಳುವುದಿಲ್ಲ, ಅದು ಸದಾ ಗಾಳಿಗೆ ಮುಖ ಮಾಡಿಯೇ ನಿಲ್ಲುತ್ತದೆ. ಬಂಚು ಒಡೆಯುವುದು ಗಾಳಿಯ ರಸ್ತೆಯಲ್ಲಿ ಅನಿಸುತ್ತದೆ, ನಿಜಕ್ಕೂ ಒಡೆಯುವುದು ಆ ರಸ್ತೆಗೆ ತಿರುಗುವ ಮೂಲೆಯಲ್ಲಿ. ಮೂಲೆಗೆ ಹತ್ತನೆಯವನಾಗಿ ಬಂದವನು ಸಾಲಿನಲ್ಲಿರುತ್ತಾನೆ, ಮೂವತ್ತನೆಯವನಾಗಿ ಬಂದವನು ಅಂಚಿನಲ್ಲಿರುತ್ತಾನೆ.

ಟೈರಿನ ಬಗ್ಗೆ ಚಿಕ್ಕದಾಗಿ: ಅಲ್ಲಿನ ಕಾಂಕ್ರೀಟ್ ರಸ್ತೆಗಳ ನಟ್ಟನಡುವೆ ಉದ್ದಕ್ಕೂ ಒಂದು ಸಂದು ಇರುತ್ತದೆ. ಸಪೂರ ಟೈರು ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ. 28 ಮಿ.ಮೀ. ಟೈರು, ಐದು ಬಾರ್‌ಗಿಂತ ಕಡಿಮೆ ಗಾಳಿ, ಮಳೆ ಬಂದರೆ ಇನ್ನಷ್ಟು ಕಡಿಮೆ. ಗಟ್ಟಿ ಟೈರೇ ವೇಗದ್ದು ಎಂಬ ನಮ್ಮ ಕಡೆಯ ನಂಬಿಕೆಯನ್ನು ಬಿಡಬೇಕು.

ರೇಸಿಲ್ಲದ ದಿನ ಏನು ಮಾಡುತ್ತಿದ್ದೆ? ಹೆಚ್ಚೇನೂ ಇಲ್ಲ. ವಾರಕ್ಕೆರಡು ಮೂರು ರೇಸಾದರೆ ಜೋರು-ನಿಧಾನದ ಇಂಟರ್‌ವಲ್ ಅಭ್ಯಾಸವೂ ಅದೇ, ಸ್ಪ್ರಿಂಟ್ ಅಭ್ಯಾಸವೂ ಅದೇ. ನಡುವಿನ ದಿನಗಳಲ್ಲಿ ಸ್ಕೆಲ್ಡ್ ದಂಡೆಯ ಸೈಕಲ್ ದಾರಿಯಲ್ಲಿ ಮಾತಾಡಿಕೊಂಡು ಎರಡು ಗಂಟೆ. ಅಲ್ಲಿ ಕೂಡುದಾರಿಗಳಿಗೆಲ್ಲ ನಂಬರ್ ಕೊಟ್ಟಿದ್ದಾರೆ. ಹೋಗಬೇಕಾದ ನಂಬರುಗಳನ್ನು ಟೇಪಿನ ಮೇಲೆ ಬರೆದು ಫ್ರೇಮಿಗೆ ಅಂಟಿಸಿಕೊಂಡರೆ ಫೋನ್ ತೆಗೆಯುವ ಕೆಲಸವಿಲ್ಲ. ಮತ್ತೆ ನಿದ್ದೆ. ಮನೆ ಬಿಟ್ಟು ಇಷ್ಟು ದೂರ ಬಂದಿದ್ದೇನೆ, ಒಂದು ದಿನವೂ ವ್ಯರ್ಥವಾಗಬಾರದು ಎಂಬ ತವಕದಲ್ಲಿ ದಿನಾ ನಾಲ್ಕು ಗಂಟೆ ತುಳಿದು ಮೂರನೇ ವಾರಕ್ಕೆ ಜ್ವರ ಬಂದು ಮಲಗಿದ ಗೆಳೆಯರನ್ನು ನೋಡಿದ್ದೇನೆ. ದೂರ ಬಂದವನಿಗೆ ಸುಮ್ಮನೆ ಕೂರುವುದೇ ಕಷ್ಟ, ಅದನ್ನೂ ಅಭ್ಯಾಸ ಮಾಡಬೇಕು.

ಊಟದ ವಿಷಯಕ್ಕೆ ಬರುತ್ತೇನೆ. ಹಾಲು, ಮಾಂಸದ ಪದಾರ್ಥವನ್ನು ಯುರೋಪ್ ಒಕ್ಕೂಟದೊಳಗೆ ಒಯ್ಯಲು ಬಿಡುವುದಿಲ್ಲ, ಹಾಗಾಗಿ ಧಾರವಾಡ ಪೇಡೆ, ಕುಂದಾ ಕಟ್ಟಿಕೊಂಡು ಹೋಗಬೇಡಿ. ಅವ್ವ ಎಣ್ಣೆಯಲ್ಲಿ ಬೇಯಿಸಿದ ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿ, ಜೋಳದ ಹಿಟ್ಟು ಕಟ್ಟಿಕೊಟ್ಟಿದ್ದಳು. ಶೇಂಗಾ ಹೋಳಿಗೆ ಉದ್ದದ ಸವಾರಿಗೆ ಬಹಳ ಒಳ್ಳೆಯದು: ಕೆಡುವುದಿಲ್ಲ, ಪುಡಿಯಾಗುವುದಿಲ್ಲ, ಹೊಟ್ಟೆ ತುಂಬುತ್ತದೆ. ರೇಸಿಗೆ ಮಾತ್ರ ಬೇಡ. ಶೇಂಗಾದ ಕೊಬ್ಬು ಕರಗಲು ಹೊತ್ತು ಹಿಡಿಯುತ್ತದೆ, ಏದುಸಿರಿನ ವೇಗದಲ್ಲಿ ಹೊಟ್ಟೆ ತಿರುಗುತ್ತದೆ. ಮೂರು ಗಂಟೆಗೆ ಹೊರಡುವ ರೇಸಾದರೆ ಹನ್ನೊಂದೂವರೆಗೆ ಅನ್ನ, ತೆಳು ಬೇಳೆಸಾರು. ರೇಸಿನೊಳಗೆ ಗಂಟೆಗೆ 60ರಿಂದ 90 ಗ್ರಾಂ ಸಕ್ಕರೆ ಪದಾರ್ಥ ಹೋಗಬೇಕು. ದುಬಾರಿ ಜೆಲ್ ಕೊಳ್ಳಲು ನನ್ನ ಹತ್ತಿರ ದುಡ್ಡಿರಲಿಲ್ಲ. ಬಾಟಲಿಗೆ ಮಾಮೂಲಿ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆಯಲ್ಲಿ ಗ್ಲುಕೋಸ್ ಅರ್ಧ, ಫ್ರಕ್ಟೋಸ್ ಅರ್ಧ ಇರುವುದರಿಂದ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೇಳೆ, ಬೆಲ್ಲ ಆಂಟ್‌ವರ್ಪ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ; ವಜ್ರದ ವ್ಯಾಪಾರದ ಗುಜರಾತಿಗಳು ಅಲ್ಲಿ ನೆಲೆಸಿರುವುದರಿಂದ ಸಸ್ಯಾಹಾರಿಗೆ ತೊಂದರೆಯಿಲ್ಲ. ಕುಕ್ಕರ್ ಮಾತ್ರ ಮನೆಯಿಂದಲೇ ಒಯ್ಯಿರಿ.

ನೆಗಡಿ, ಕೆಮ್ಮು ಬಂದಾಗ ಎಚ್ಚರ. ಕೆಲವು ನೆಗಡಿ ಔಷಧಗಳಲ್ಲಿ ಸ್ಯೂಡೋಎಫೆಡ್ರಿನ್ ಇರುತ್ತದೆ, ಸ್ಪರ್ಧೆಯ ದಿನ ಅದು ಮಿತಿ ಮೀರಿದರೆ ಉದ್ದೀಪನ ಮದ್ದಿನ ಪ್ರಕರಣವಾಗುತ್ತದೆ. ಊರ ರೇಸಿಗೂ ಫ್ಲಾಂಡರ್ಸ್‌ನ ಪರೀಕ್ಷಕರು ಬರಬಹುದು. ಒಳಗೇನಿದೆಯೆಂದು ಬರೆದಿರದ ಚೂರ್ಣ, ಗುಳಿಗೆ ಯಾವುದನ್ನೂ ನಾನು ಒಯ್ಯಲಿಲ್ಲ. ಶುಂಠಿ ಕಷಾಯ, ಎರಡು ದಿನ ರಜೆ, ಅಷ್ಟೆ.

ಮನೆಯ ನೆನಪು ಬರುವುದು ಸೋತ ದಿನ ಅಲ್ಲ, ಮಳೆಗೆ ರೇಸಿಲ್ಲದೆ ಕೂತ ದಿನ. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ನನ್ನ ರೇಸು ಮುಗಿದು ಬಟ್ಟೆ ಒಗೆದು ಫೋನ್ ಹಚ್ಚುವ ಹೊತ್ತಿಗೆ ಊರಲ್ಲಿ ರಾತ್ರಿ ಹನ್ನೊಂದು ದಾಟಿರುತ್ತಿತ್ತು. ಅವ್ವ ಎಚ್ಚರವಿರುತ್ತಿದ್ದಳು.

‘ಬಿದ್ದಿಲ್ಲ ಹೌದಲ್ಲೋ?’

‘ಇಲ್ಲವ್ವ.’

‘ಉಂಡೇನ?’

‘ಈಗ ಉಣ್ತೀನಿ. ನೀ ಮಲಕೋ.’

ಗೆದ್ದೆಯಾ ಎಂದು ಅವಳು ಕೇಳಿದ್ದು ನನಗೆ ನೆನಪಿಲ್ಲ. ಪಂಚಮಿಯ ಹೊತ್ತಿಗೆ ಊರಿನ ಜೋಕಾಲಿಯ ಫೋಟೋಗಳು ಬರತೊಡಗಿದಾಗ ತಡೆಯಲಾರದೆ, ಶೇಂಗಾ ಹುರಿದು ಬೆಲ್ಲದ ಪಾಕ ಹಿಡಿದು ಉಂಡಿ ಕಟ್ಟಿದೆ. ಮನೆಯ ಮೂವರೂ, ಅಜ್ಜನೂ ತಿಂದರು. ಪಾಕ ಅವ್ವನಷ್ಟು ಹದವಾಗಿರಲಿಲ್ಲ, ಆದರೂ ಆ ಸಂಜೆ ಮನಸ್ಸು ತಿಳಿಯಾಯಿತು.

ಈ ವಿಷಯದಲ್ಲಿ ನಾನು ಧೈರ್ಯ ತೆಗೆದುಕೊಂಡದ್ದು ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ ಅವರಿಂದ. 2022ರ ಮಾರ್ಚಿಯಲ್ಲಿ ಅವರು ಬೆಲ್ಜಿಯಂನ ದೊಡ್ಡ ರೇಸುಗಳಲ್ಲೊಂದಾದ ಗೆಂಟ್–ವೆವೆಲ್ಗೆಮ್ ಗೆದ್ದರು. ಅಂಥ ಫಾರ್ಮಿನಲ್ಲಿದ್ದವರು ಮುಂದಿನ ವಾರ ಟೂರ್ ಆಫ್ ಫ್ಲಾಂಡರ್ಸ್ ಓಡಿಸಲೇಬೇಕೆಂದು ಎಲ್ಲರೂ ಬಯಸುತ್ತಿದ್ದರೂ, ಮೊದಲೇ ಅಂದುಕೊಂಡಿದ್ದಂತೆ ಹೆಂಡತಿ, ಮಗಳನ್ನು ನೋಡಲು ಮನೆಗೆ ಹೊರಟುಹೋದರು. 2024ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರು ಹಂತ ಗೆದ್ದು, ಅತಿ ಹೆಚ್ಚು ಪಾಯಿಂಟಿನವರಿಗೆ ಸಿಗುವ ಹಸಿರು ಜೆರ್ಸಿ ಗೆದ್ದವರೂ ಅವರೇ. ಮನೆಯ ಹಂಬಲವನ್ನು ದೌರ್ಬಲ್ಯವೆಂದು ಹೀಗಳೆಯುವ ಕೋಚ್‌ಗಳಿಗೆ ನಾನು ಈ ಉದಾಹರಣೆ ಹೇಳುತ್ತೇನೆ. ಹೋಗುವ ಮೊದಲೇ ತಿರುಗಿ ಬರುವ ಟಿಕೆಟ್ಟಿನ ದಿನ ಗೊತ್ತಿದ್ದರೆ ಮನಸ್ಸು ಗಟ್ಟಿ ನಿಲ್ಲುತ್ತದೆ, ತಾರೀಕು ಗೊತ್ತುಮಾಡಿಕೊಳ್ಳದೆ ಹೋಗಬೇಡಿ.

ಜುಲೈ ಕೊನೆಯ ಒಂದು ರೇಸಿನಲ್ಲಿ ಎಲ್ಲವೂ ಕೂಡಿಬಂತು. ಗಾಳಿ ಜೋರಿತ್ತು, ಚರ್ಚಿನ ಹಿಂದಿನ ಮೂಲೆಗೆ ನಾನು ಎಂಟನೆಯವನಾಗಿ ಬಂದೆ, ಮೊದಲ ಓರೆಸಾಲಿನಲ್ಲಿ ಕೂತೆ, ಕೊನೆಯವರೆಗೂ ತಿರುಗಿದೆ. ಸ್ಪ್ರಿಂಟಿನಲ್ಲಿ ಮುಂದಿದ್ದವರು ನನಗಿಂತ ಚುರುಕಾಗಿದ್ದರು. ಆದರೂ ಬಹುಮಾನದ ಪಟ್ಟಿಯೊಳಗೆ ಹೆಸರು ಬಂತು, ಕೆಫೆಯ ಮೇಜಿನ ಹಿಂದಿದ್ದ ಹಿರಿಯರು ನಂಬರಿನ ಠೇವಣಿಯ ಜೊತೆಗೆ ಒಂದು ಲಕೋಟೆ ಕೊಟ್ಟರು. ಆ ಹಣಕ್ಕೆ ಒಂದು ಟೈರೂ ಬರುತ್ತಿರಲಿಲ್ಲ. ಅಂದು ಸಂಜೆ ಅಜ್ಜನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು.

ಊರಿಗೆ ಬಂದ ಮೇಲೆ ಹೊಳೆದದ್ದು, ಗಾಳಿಯ ಪಾಠಕ್ಕೆ ನಮ್ಮಲ್ಲೂ ಜಾಗವಿದೆ ಎಂದು. ಆಷಾಢದ ಗಾಳಿ ನಮ್ಮ ಎರೆ ಬಯಲಿನಲ್ಲಿ ಪಡುವಣದಿಂದ ಎಡೆಬಿಡದೆ ಬೀಸುತ್ತದೆ. ಮುಧೋಳದಿಂದ ಜಮಖಂಡಿಗೆ ಹೋಗುವುದು ಬಹುಪಾಲು ಬಡಗು ದಿಕ್ಕಿಗೆ, ಅಂದರೆ ಗಾಳಿ ಸರಿಯಾಗಿ ಎಡ ಮಗ್ಗುಲಿಗೆ. ಕಳೆದ ವರ್ಷ ನಾನು ಯುರೋಪಿಗೆ ಹೋಗಲಿಲ್ಲ. ಶರ್ಯತ್ತು ಓಡಿಸುವ ಆಸುಪಾಸಿನ ಹುಡುಗರನ್ನು ಸೇರಿಸಿ ಆಷಾಢವೆಲ್ಲ ಬೆಳಿಗ್ಗೆ ಆರಕ್ಕೆ ಆ ಕಡೆಯ ಒಳರಸ್ತೆಗಳಲ್ಲಿ ಓರೆಸಾಲು ಕಟ್ಟಿಸಿದೆ. ಮುಂದೊಂದು ಬೈಕಿಗೆ ಕೆಂಪು ಬಟ್ಟೆ, ಹಿಂದೊಂದು ಬೈಕಿಗೆ ಹಸಿರು ಬಟ್ಟೆ. ರಸ್ತೆಯ ಎಡ ಅರ್ಧ ಮಾತ್ರ ನಮ್ಮದು, ಅದರಲ್ಲಿ ಐವರ ಸಾಲು, ಆರನೆಯವನು ಅಂಚಿಗೆ. ಮುಂದೆ ಬಂದ ಕೂಡಲೇ ಜೋರು ಹಚ್ಚುವ ಚಟ ಮೊದಲ ವಾರದಲ್ಲೇ ಬಿಟ್ಟಿತು. ‘ಅಣ್ಣಾ, ಗಾಳಿ ಕಡೀಗೆ ಸರೀಬೇಕು ಹೌದಲ್ಲ?’ ಎಂದು ಅವರೇ ಒಬ್ಬರಿಗೊಬ್ಬರು ಕೂಗಿ ಹೇಳತೊಡಗಿದರು. ಈ ಸಲ ಹುಡುಗಿಯರನ್ನೂ ಸೇರಿಸಿ ಎರಡು ತಂಡ ಮಾಡುತ್ತೇವೆ. ಬೆಳಗಿನ ಎರಡು ಗಂಟೆ ರಸ್ತೆ ಕೊಡಿ ಎಂದು ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟಾಗಿದೆ.